ಗರ್ನಾಲಿನ ಬದಲು ಆಟೋಮ್ಯಾಟಿಕ್ ಕೋವಿ

ನಾನು ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಬಂದರು ರಸ್ತೆಯಲ್ಲಿ ನನ್ನದೊಂದು ಕೋವಿ ರಿಪೇರಿ ಅಂಗಡಿ ಇತ್ತು. ವಕೀಲರು, ಡಾಕ್ಟರರು, ತೋಟದ ಧಣಿಗಳು ತಮ್ಮ ಕೋವಿಯನ್ನು ನನ್ನ ಮೇಜಿನ ಮೇಲೆ ಮಲಗಿಸಿ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರ ಹಾಗೆ ಮುಖ ಮಾಡಿಕೊಂಡು ಕಾಯುತ್ತಿದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ದೀಪ ಹಚ್ಚುವ ಹೊತ್ತಿನವರೆಗೆ ಅರವನ್ನು ಕೈಯಿಂದ ಕೆಳಗಿಟ್ಟವನಲ್ಲ ನಾನು. ಪಣಂಬೂರಿನಲ್ಲಿ ದೊಡ್ಡ ಬಂದರು ಆಗುತ್ತದಂತೆ ಎಂದು ಜನ ಹೋಟೆಲಿನಲ್ಲಿ ಕುಳಿತು ಹೇಳುತ್ತಿದ್ದ ಕಾಲ ಅದು. ಹೇಳುವವರೂ ನಂಬುತ್ತಿರಲಿಲ್ಲ, ಕೇಳುವವರೂ ನಂಬುತ್ತಿರಲಿಲ್ಲ.

ಅಂಗಡಿಗೆ ಬಂದವರು ಕೇಳುವ ಪ್ರಶ್ನೆ ಒಂದೇ, ಯಾವ ಕೋವಿ ಒಳ್ಳೆಯದು? ನಾನು ಉತ್ತರ ಕೊಡುತ್ತಿರಲಿಲ್ಲ. ಎಂತಕ್ಕೆ ಬೇಕು ಎಂದು ತಿರುಗಿ ಕೇಳುತ್ತಿದ್ದೆ. ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದಲೇ ಮದ್ದು ತಿನ್ನಿಸಬೇಕು. ತೆಂಗಿನ ನಾರು ತುರುಕಿ, ಗಜದಿಂದ ಕುಟ್ಟಿ, ಹಿಂದೆ ಕೇಪು ಇಟ್ಟು, ಆಮೇಲೆ ಹಂದಿ ಎಲ್ಲಿದೆ ಎಂದು ಹುಡುಕಬೇಕು. ಅಷ್ಟರಲ್ಲಿ ಹಂದಿ ಗೆಣಸು ತಿಂದು ಮುಗಿಸಿ ಮನೆ ಸೇರಿರುತ್ತದೆ. ಆದರೆ ಆ ಕೋವಿಯಲ್ಲಿ ಕೆಡಲಿಕ್ಕೆ ಏನೂ ಇಲ್ಲ. ಒಂದು ನಳಿಗೆ, ಕೇಪಿಗೆ ಬಡಿಯುವ ಒಂದು ಕುದುರೆ, ಒಂದು ಸ್ಪ್ರಿಂಗು. ಅಡಕತ್ತರಿಯ ಹಾಗೆ ಮಡಚಿ ತೆರೆಯುವ ಜೋಡು ನಳಿಗೆಯದು ಹಕ್ಕಿ ಹೊಡೆಯುವವರ ಕೋವಿ. ಎರಡು ಈಡು ಥಟ್ಟನೆ ಸಿಗುತ್ತದೆ, ಮೂರನೆಯದಕ್ಕೆ ಹಕ್ಕಿ ಹೇಗೂ ಕಾಯುವುದಿಲ್ಲ. ರೈಫಲಿನ ತೋಟೆಗೆ ಸೊಕ್ಕು ಜಾಸ್ತಿ. ಅದನ್ನು ಅಡಕತ್ತರಿಯ ಕೀಲಿಗೆ ಕಟ್ಟಿ ಹಾಕಲು ಹೋದರೆ ಕೀಲು ಸಡಿಲಾಗುತ್ತದೆ. ಅದಕ್ಕೆ ಬಾಗಿಲ ಚಿಲಕದ ಹಾಗೆ ಮುಂದೆ ದೂಡಿ ತಿರುಗಿಸಿ ಬಿಗಿಯುವ ಬೋಲ್ಟೇ ಬೇಕು. ನಿಧಾನ, ಆದರೆ ಬಿಗಿ. ಇನ್ನು ಇನ್ಸ್‌ಪೆಕ್ಟರರ ಸೊಂಟದ ರಿವಾಲ್ವರ್. ಅದರಲ್ಲಿ ಒಂದು ತೋಟೆ ಕೈಕೊಟ್ಟರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಚಕ್ರ ತಿರುಗಿ ಮುಂದಿನದು ಬರುತ್ತದೆ. ಆಲೋಚನೆ ಮಾಡಲು ಪುರುಸೊತ್ತಿಲ್ಲದವರಿಗೆ ಮಾಡಿದ್ದು ಅದು. ನಮ್ಮ ಠಾಣೆಯ ಇನ್ಸ್‌ಪೆಕ್ಟರರು ಆಲೋಚನೆ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ, ಹಾಗಾಗಿ ಅವರಿಗೆ ಅದು ಸರಿಯಾಗಿತ್ತು.

ಇಷ್ಟೆಲ್ಲ ತಿಳಿದವನಿಗೆ ಮದುವೆಗೆ ಹೆಣ್ಣು ಕೊಡುವುದಕ್ಕೆ ಒಬ್ಬ ಹೆಡ್‌ಮಾಸ್ಟರು ಹಿಂದೆ ಮುಂದೆ ನೋಡಿದರು. ಅದರದೇ ಕಥೆ ಇದು.

ಮಾಸ್ಟ್ರ ಮನೆ ಪಡೀಲಿನಲ್ಲಿ, ಬಂಟವಾಳದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ದಿಣ್ಣೆಯ ಮೇಲೆ. ಆಗಷ್ಟೇ ರಿಟೈರ್ ಆಗಿದ್ದರು. ಅವರ ತಂದೆಯ ಕಾಲದ ಜೋಡು ನಳಿಗೆಯ ಕೀಲು ಸಡಿಲಾಗಿತ್ತು. ಕೋವಿ ಹಿಡಿದುಕೊಂಡು ಬಸ್ಸು ಹತ್ತುವುದು ಮರ್ಯಾದೆಯಲ್ಲ ಎಂದು ನನ್ನನ್ನೇ ಕರೆಸಿದರು. ನಾನು ಸೈಕಲ್ಲಿನಲ್ಲಿ ಹೋದೆ. ಜಗಲಿಯಲ್ಲಿ ಕುಳಿತು ಕೆಲಸ ಮಾಡುವಾಗ ಅವರ ಎರಡನೇ ಮಗಳು ಬೆಲ್ಲ ನೀರು ತಂದಿಟ್ಟಳು. ನಾನು ಒಂದು ಲೋಟ ನೀರನ್ನು ಬಹಳ ಹೊತ್ತು ಕುಡಿದೆ.

"ಬಾವಿಯಲ್ಲಿ ಇನ್ನೂ ನೀರು ಉಂಟು," ಎಂದಳು. "ಅವಸರ ಮಾಡ್ಬೇಡಿ."

ಆ ಕೋವಿಯ ಕೀಲಿಗೆ ಬೇಕಾದದ್ದು ಒಂದು ದಿನದ ಕೆಲಸ. ನಾನು ನಾಲ್ಕಾರು ಸಲ ಹೋಗಿ ಬಂದೆ. ಕೊನೆಗೆ ನನ್ನ ಚಿಕ್ಕಮ್ಮನ ಮೂಲಕ ಹೇಳಿ ಕಳಿಸಿದೆ. ಮಾಸ್ಟ್ರು ನನ್ನನ್ನು ಆದಿತ್ಯವಾರ ಚರ್ಚಿನ ಪೂಜೆ ಮುಗಿದ ಮೇಲೆ ಮನೆಗೆ ಬರಲು ಹೇಳಿದರು. ನಾವು ಮಾತಾಡಿದ್ದೆಲ್ಲ ಕೊಂಕಣಿಯಲ್ಲಿ, ನೆರೆಯವರೊಡನೆ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾಸ್ಟ್ರ ಗಂಟಲಿನ ಬಗ್ಗೆ ಮೊದಲೇ ಹೇಳಬೇಕು. ಅವರು ಜಗಲಿಯಲ್ಲಿ ಒಮ್ಮೆ ಕೆಮ್ಮಿದರೆ ಹಂಚಿನ ಮೇಲಿನ ಕಾಗೆ ಎದ್ದು ಹೋಗುತ್ತಿತ್ತು.

"ಎಲ್ಲಿವರೆಗೆ ಓದಿದ್ದು?"

"ಆರನೇ ಕ್ಲಾಸು."

"ಪಾಸಾ, ಫೇಲಾ?"

"ಅದನ್ನು ನೋಡ್ಲಿಕ್ಕೆ ನಾನು ಹೋಗ್ಲಿಲ್ಲ ಮಾಸ್ಟ್ರೇ."

"ನನ್ನ ಮಗಳು ಟ್ರೈನಿಂಗ್ ಆದ ಟೀಚರ್. ನೀವು ಅವಳಿಗೆ ಒಂದು ಪತ್ರ ಬರೆದ್ರೆ ಅವಳು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸ್ಬೇಕಾಗ್ತದೆ."

"ಒಂದೇ ಮನೆಯಲ್ಲಿದ್ದವರು ಪತ್ರ ಯಾಕೆ ಬರೀಲಿಕ್ಕೆ?"

ಒಳಗೆ ಅಡುಗೆ ಮನೆಯಲ್ಲಿ ಯಾರೋ ನಕ್ಕ ಸದ್ದಾಯಿತು. ಮಾಸ್ಟ್ರು ಆ ಕಡೆ ತಿರುಗಿ ಒಮ್ಮೆ ಗದರಿದರು. ನಗು ನಿಲ್ಲಲಿಲ್ಲ. ಮಾಸ್ಟ್ರ ತಾಯಿ, ತೊಂಬತ್ತು ಸಮೀಪಿಸಿದ ಮುದುಕಿ, ಮೂಲೆಯ ಆರಾಮ ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಊರಲ್ಲೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಅವರು ಹೋಗಿಯೇಬಿಟ್ಟರು ಎಂದು ಫಾದರು ಬಂದು ಎಣ್ಣೆ ಹಚ್ಚಿ ಕೊನೆಯ ಸಂಸ್ಕಾರ ಮಾಡಿದ್ದು ಎರಡು ಸಲ. ಎರಡೂ ಸಲ ಮರುದಿನ ಬೆಳಿಗ್ಗೆ ಎದ್ದು ಗಂಜಿ ಕೇಳಿದ್ದರು.

"ನೋಡುವ," ಎಂದರು ಮಾಸ್ಟ್ರು. "ಮೊದಲು ದೊಡ್ಡವಳ ಮದುವೆ ಆಗ್ಲಿ. ಅದರಲ್ಲಿ ನಿಮಗೊಂದು ಕೆಲಸ ಉಂಟು. ಅದನ್ನು ಸರಿಯಾಗಿ ಮಾಡಿ ತೋರಿಸಿ, ಆಮೇಲೆ ಮಾತಾಡುವ."

ಪರೀಕ್ಷೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮೂವತ್ತು ವರ್ಷ ಪರೀಕ್ಷೆ ನಡೆಸಿದವರ ಮುಖ ನೋಡಿದರೆ ಆರನೇ ಕ್ಲಾಸಿನವನಿಗೂ ಗೊತ್ತಾಗುತ್ತದೆ.

ಕೆಲಸ ಇಷ್ಟು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂದು ಮಾಡುತ್ತಾರೆ. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ ಮನೆಯ ಹಿರಿಯರಿಂದ ಮೊದಲ್ಗೊಂಡು ಎಲ್ಲರೂ ತಲೆಗೆ ತೆಂಗಿನ ಹಾಲು ಹಚ್ಚುವುದು. ಮೊದಲ ಹಾಲು ಬಿದ್ದ ಕೂಡಲೇ ಅಂಗಳದಲ್ಲಿ ಗರ್ನಾಲು ಸಿಡಿಸಬೇಕು. ಅದು ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಸಿಡಿಸುವ ಕದಿನ. ಇಗರ್ಜಿಯ ಗಂಟೆ ಆ ದಿಣ್ಣೆಗಳಾಚೆಗೆ ಕೇಳುತ್ತಿರಲಿಲ್ಲವಾದ್ದರಿಂದ ಅಲ್ಲಿ ಸುದ್ದಿ ತಲುಪಿಸುವುದೆಲ್ಲ ಗರ್ನಾಲೇ. ಅದಕ್ಕೊಂದು ಕ್ರಮ ಇತ್ತು. ಬೆನ್ನು ಬೆನ್ನಿಗೆ ಮೂರು ಸಿಡಿದರೆ ಮದುವೆ. ಒಂದೇ ಒಂದು ಸಿಡಿದು ನಿಂತರೆ ಮನೆಯಲ್ಲಿ ಸಾವು. ಮೂರು ಕೇಳಿದವರು ಮರುದಿನ ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಒಂದು ಕೇಳಿದವರು ಇದ್ದ ಬಟ್ಟೆಯಲ್ಲೇ ಓಡಿ ಬರುತ್ತಿದ್ದರು.

ಮಾಸ್ಟ್ರು ಗರ್ನಾಲಿನವನಿಗೆ ಹೇಳಿ ಆಗಿತ್ತು. ಅಷ್ಟರಲ್ಲಿ ಅವರ ಹೆಂಡತಿಯ ತಮ್ಮ ಆಫ್ರಿಕಾದಿಂದ ಬಂದಿಳಿದರು. ನೈರೋಬಿಯಲ್ಲಿ ರೈಲ್ವೆಯಲ್ಲಿದ್ದವರು. ಬರುವಾಗ ಐದು ತೋಟೆ ತುಂಬುವ ಆಟೋಮ್ಯಾಟಿಕ್ ಕೋವಿಯೊಂದನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಅದರ ಕಾಗದ ಪತ್ರ ಎಲ್ಲ ಸರಿ ಇತ್ತು, ಅವರ ಬುದ್ಧಿ ಮಾತ್ರ ಕಂಬಳಿಯಿಂದ ಹೊರಗೆ ಬಂದಿರಲಿಲ್ಲ.

"ಈ ಕಾಲದಲ್ಲಿ ಎಂತ ಗರ್ನಾಲು ಭಾವ?" ಎಂದರಂತೆ. "ಬತ್ತಿ ಇಟ್ಟು ಓಡ್ಬೇಕು, ಪುನಃ ಬರ್ಬೇಕು, ಪುನಃ ಓಡ್ಬೇಕು. ಇದರಲ್ಲಿ ಬೆರಳು ಮೂರು ಸಲ ಅಲ್ಲಾಡಿಸಿದ್ರೆ ಆಯ್ತು. ಮೂರೂ ಒಂದೇ ಉಸಿರಿಗೆ."

ಮಾಸ್ಟ್ರಿಗೆ ಆಸೆಯಾಯಿತು. ಗರ್ನಾಲಿನವನನ್ನು ಬೇಡ ಎಂದರು. ಕೋವಿಯ ಉಸ್ತುವಾರಿ ನನ್ನ ಪಾಲಿಗೆ ಬಂತು.

ನಾನು ಅಲ್ಲಿಯವರೆಗೆ ಆಟೋಮ್ಯಾಟಿಕ್ ಕೋವಿಯನ್ನು ಕ್ಯಾಟಲಾಗಿನ ಚಿತ್ರದಲ್ಲಿ ಬಿಟ್ಟರೆ ಕಂಡವನಲ್ಲ. ಇದನ್ನು ಆಫ್ರಿಕಾದ ಮಾಮನಿಗೆ ಹೇಳುವ ಅಗತ್ಯ ಕಾಣಲಿಲ್ಲ. ಅವರೆದುರೇ ಬಿಚ್ಚಿ ನೋಡಿದೆ, ಒಂದು ಗಳಿಗೆಯಲ್ಲಿ ಅರ್ಥವಾಯಿತು. ಬಹಳ ಚಂದದ ಯಂತ್ರ. ಈಡು ಸಿಡಿದಾಗ ಕೋವಿ ಹೆಗಲಿಗೆ ಒದೆಯುತ್ತದಲ್ಲ, ಬೇರೆ ಕೋವಿಗಳಲ್ಲಿ ಆ ಒದೆ ನಮ್ಮ ಹೆಗಲಿಗೆ ಸುಮ್ಮನೆ ದಂಡ. ಇದು ಅದನ್ನು ದಂಡ ಮಾಡುವುದಿಲ್ಲ. ಆ ಒದೆಯಲ್ಲೇ ನಳಿಗೆ ಹಿಂದೆ ಸರಿಯುತ್ತದೆ, ಖಾಲಿ ತೋಟೆಯನ್ನು ಉಗುಳುತ್ತದೆ, ಸ್ಪ್ರಿಂಗಿನ ಬಲದಲ್ಲಿ ಮುಂದೆ ಬಂದು ಹೊಸದನ್ನು ತಾನೇ ನುಂಗುತ್ತದೆ. ಯಾರೂ ಮಡಚಬೇಕಾಗಿಲ್ಲ, ಚಿಲಕ ಎಳೆಯಬೇಕಾಗಿಲ್ಲ.

"ಗೊತ್ತಾಯ್ತಾ?" ಎಂದರು ಮಾಮ.

"ಇದರಲ್ಲಿ ಗೊತ್ತಾಗ್ಲಿಕ್ಕೆ ಎಂತ ಉಂಟು?" ಎಂದೆ.

ಇಬ್ಬರೂ ನೇತ್ರಾವತಿಯ ದಡಕ್ಕೆ ಹೋಗಿ, ಅವರು ತಂದಿದ್ದ ತೋಟೆಗಳನ್ನೇ ಹಾಕಿ ನೀರಿನ ಕಡೆ ಹೊಡೆದು ನೋಡಿದೆವು. ಢಂ ಢಂ ಢಂ. ಮಾಮ ನನ್ನ ಬೆನ್ನು ತಟ್ಟಿದರು. ನಾನು ಅವರ ಬೆನ್ನು ತಟ್ಟಿದೆ. ದೋಣಿಯಲ್ಲಿದ್ದ ಮರಳಿನವರು ಮಾತ್ರ ಏನೋ ಬೈದರು.

ಆದರೆ ಆ ತೋಟೆಗಳಲ್ಲಿ ಸೀಸದ ಚರೆ ಇತ್ತು. ಮದುವೆ ಚಪ್ಪರದ ಮೇಲೆ ಸೀಸ ಹಾರಿಸಲಾಗುವುದಿಲ್ಲ.

"ಒಂದೇ ಒಂದು ಚರೆ ನನ್ನ ಬೀಗರ ತಲೆ ಮೇಲೆ ಬಿದ್ರೆ," ಎಂದು ಮಾಸ್ಟ್ರು ಹೇಳಿದ್ದು ಬಂದರು ರಸ್ತೆಯವರೆಗೆ ಕೇಳಿರಬೇಕು, "ನೀವು ಈ ದಿಣ್ಣೆ ಹತ್ತುವ ಅಗತ್ಯ ಇಲ್ಲ."

ಹಾಗಾಗಿ ನಾನು ಚರೆಯಿಲ್ಲದ ತೋಟೆ ಮಾಡಿದೆ. ಖಾಲಿ ಕಾಗದದ ತೋಟೆಗಳಿಗೆ ಕರಿಮದ್ದು ತುಂಬಿ ಮೇಲೆ ರಟ್ಟು ಒತ್ತಿ ಬಾಯಿ ಮುಚ್ಚಿದೆ. ಯಂತ್ರಕ್ಕೆ ಒದೆ ಬೇಕು ಎಂಬುದು ನನಗೆ ಗೊತ್ತಿತ್ತಲ್ಲ, ಅದಕ್ಕಾಗಿ ಮದ್ದನ್ನು ಸ್ವಲ್ಪ ಧಾರಾಳವಾಗಿಯೇ ಹಾಕಿದೆ. ಶಬ್ದ ದೊಡ್ಡದಾದಷ್ಟು ಒದೆ ದೊಡ್ಡದು, ಇದು ನನ್ನ ಲೆಕ್ಕ. ಅಂಗಡಿಯ ಹಿಂದೆ ಒಂಟಿ ನಳಿಗೆಯಲ್ಲಿ ಒಂದನ್ನು ಹೊಡೆದು ನೋಡಿದೆ. ಪಕ್ಕದ ಒಣ ಮೀನಿನ ಗೋದಾಮಿನಿಂದ ನಾಲ್ಕು ಜನ ಹೊರಗೆ ಬಂದು ನಿಂತರು. ಇಷ್ಟು ಸಾಕು ಎಂದುಕೊಂಡೆ. ಆಟೋಮ್ಯಾಟಿಕ್ಕಿನಲ್ಲೇ ಹೊಡೆದು ನೋಡುವ ಮನಸ್ಸಿತ್ತು, ಆದರೆ ಮಾಮ ಅದನ್ನು ಯಾರ ಬಳಿಯೂ ಬಿಡುತ್ತಿರಲಿಲ್ಲ. ರಾತ್ರಿ ಮಂಚದಲ್ಲಿ ಪಕ್ಕಕ್ಕೆ ಮಲಗಿಸಿಕೊಳ್ಳುತ್ತಿದ್ದರಂತೆ. ಮಾಮಿ ಇನ್ನೂ ಆಫ್ರಿಕಾದಲ್ಲಿದ್ದರು.

ರೋಸಿನ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಪ್ಪರ ತುಂಬಿತು. ಬೀಗರು ಅತ್ತಾವರದಿಂದ ಎರಡು ಕಾರು ಮಾಡಿಕೊಂಡು ಬಂದಿದ್ದರು. ಮದುಮಗಳು ಮಣೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಅವಳ ತಂಗಿ, ನನ್ನವಳಾಗಬೇಕಾದವಳು, ತೆಂಗಿನ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ನಾನೂ ಮಾಮನೂ ಅಂಗಳದ ಅಂಚಿನಲ್ಲಿ ನಿಂತೆವು. ಮಾಮನ ತಲೆಯಲ್ಲಿ ಆಫ್ರಿಕಾದ ಟೋಪಿ. ನಾನು ಇಸ್ತ್ರಿ ಹಾಕಿದ ಶರಟಿನಲ್ಲಿದ್ದೆ, ಜೇಬಿನಲ್ಲಿ ಬೇಕಾದರೆ ಇರಲಿ ಎಂದು ಎರಡು ತೋಟೆ ಜಾಸ್ತಿ.

ಬಾಯಮ್ಮನನ್ನು ಇಬ್ಬರು ಹಿಡಿದು ನಡೆಸಿಕೊಂಡು ಬಂದರು. ಅವರು ಬೊಗಸೆಯಲ್ಲಿ ಹಾಲು ತೆಗೆದು ಮೊಮ್ಮಗಳ ತಲೆಗೆ ಹೊಯ್ದರು. ಮಾಸ್ಟ್ರು ಕೈ ಎತ್ತಿದರು. ಮಾಮ ಟ್ರಿಗರ್ ಎಳೆದರು.

ಅಂಥ ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚಪ್ಪರದ ಮಾವಿನ ಸೊಪ್ಪು ಅದುರಿತು. ಹೊಗೆಯಲ್ಲಿ ಮಾಮ ಕಾಣಲಿಲ್ಲ, ಟೋಪಿ ಮಾತ್ರ ಕಾಣುತ್ತಿತ್ತು. ನಾನು ಎರಡನೆಯದಕ್ಕೆ ಕಿವಿ ಮುಚ್ಚಿಕೊಂಡೆ.

ಎರಡನೆಯದು ಬರಲಿಲ್ಲ.

"ಎಂತ ಆಯ್ತು?" ಎಂದೆ.

"ಬೆರಳು ಅಲ್ಲಾಡಿಸ್ತಾ ಇದ್ದೇನೆ ಮಾರಾಯ. ಕೋವಿ ಅಲ್ಲಾಡುವುದಿಲ್ಲ."

ನೋಡಿದೆ. ನಳಿಗೆ ಅರ್ಧ ಬೆರಳಿನಷ್ಟು ಹಿಂದೆ ಬಂದು, ಬೇಸರ ಮಾಡಿಕೊಂಡವರ ಹಾಗೆ ವಾಪಸು ಹೋಗಿತ್ತು. ಆಗ ನನಗೆ ಹೊಳೆಯಿತು. ನಾವು ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಹೋಗುತ್ತದೆ. ದೋಣಿಯಲ್ಲಿ ಕುಳಿತು ಎಷ್ಟು ಕೂಗಿದರೂ ಹೋಗುವುದಿಲ್ಲ. ಸೀಸ ಮುಂದಕ್ಕೆ ಹಾರಿದ್ದಕ್ಕೆ ಕೋವಿ ಹಿಂದಕ್ಕೆ ಒದೆಯುವುದು. ಎಸೆಯಲಿಕ್ಕೆ ಏನೂ ಇಲ್ಲದಿದ್ದರೆ ಬರೀ ಕೂಗು. ನಾನು ಮದ್ದು ಧಾರಾಳವಾಗಿ ಹಾಕಿ ಕೂಗನ್ನು ಜೋರು ಮಾಡಿದ್ದೆ, ಅಷ್ಟೇ.

"ಇನ್ನೆರಡು ಎಲ್ಲಿ?" ಚಪ್ಪರದಿಂದ ಮಾಸ್ಟ್ರ ಧ್ವನಿ.

"ಬರ್ತಾ ಉಂಟು ಭಾವ," ಎಂದ ಮಾಮ, ನಾನು ಬೇಡ ಎನ್ನುವ ಮೊದಲು ಕೋವಿಯ ಪಕ್ಕದ ಹಿಡಿಯನ್ನು ಕೈಯಿಂದಲೇ ಜಗ್ಗಿದರು. ನಮ್ಮ ಕಡಲ ಹವೆಗೆ ಕಾಗದದ ತೋಟೆ ಮೊದಲೇ ಉಬ್ಬಿತ್ತು, ಸಿಡಿದ ಮೇಲೆ ಒಳಗೆ ಇನ್ನಷ್ಟು ಕಚ್ಚಿಕೊಂಡಿತ್ತು. ಹಿಂದಿನ ಹಿತ್ತಾಳೆಯ ತುಂಡು ಮಾತ್ರ ಕಿತ್ತು ಹೊರಗೆ ಹಾರಿ ಅಂಗಳದಲ್ಲಿ ಉರುಳಿತು. ಕಾಗದದ ಕೊಳವೆ ನಳಿಗೆಯ ಒಳಗೇ ಉಳಿಯಿತು. ಅದಿರುವವರೆಗೆ ಬೇರೆ ತೋಟೆ ಒಳಗೆ ಹೋಗುವ ಹಾಗಿಲ್ಲ.

"ಇದು ಇನ್ನು ಕುಳಿತು ಬಿಡಿಸ್ಬೇಕು," ಎಂದೆ.

"ಎಷ್ಟು ಹೊತ್ತು?"

ಅಷ್ಟರಲ್ಲಿ ದಿಣ್ಣೆಯ ಕೆಳಗಿನಿಂದ ಒಂದು ಹೆಂಗಸಿನ ಅಳು ಎದ್ದಿತು.

ಮೊದಲು ಬಂದದ್ದು ಕೆಳಗಿನ ಗದ್ದೆಯ ನೆರೆಯವರು. ತರಕಾರಿ ಸಾಲಿನಲ್ಲಿ ಮಂಗ ಓಡಿಸುತ್ತಿದ್ದವರು, ಹೆಗಲಲ್ಲಿ ಕೇಪಿನ ಕೋವಿ ಹಾಗೆಯೇ ಇತ್ತು. ತಲೆಯ ಮುಂಡಾಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಒರೆಸುತ್ತಾ ನೇರ ಮಾಸ್ಟ್ರ ಕೈ ಹಿಡಿದರು. ನಮ್ಮ ಕ್ರಿಸ್ತಾನರನ್ನು ತುಳುವಿನವರು ಪೊರ್ಬುಗಳು ಎನ್ನುತ್ತಾರೆ.

"ಯಾವಾಗ ಪೊರ್ಬುಗಳೇ? ಬೆಳಿಗ್ಗೆ ನಾನು ಬೆಂಡೆಕಾಯಿ ಕೊಡ್ಲಿಕ್ಕೆ ಬಂದಾಗ ಸರಿ ಇದ್ದರಲ್ಲ."

"ಯಾರು?"

"ಬಾಯಮ್ಮ."

"ಈಗಲೂ ಸರಿ ಇದ್ದೇನೆ," ಎಂದರು ಬಾಯಮ್ಮ ಚಪ್ಪರದಿಂದ, ಕೈಯಿಂದ ಇನ್ನೂ ತೆಂಗಿನ ಹಾಲು ಸುರಿಯುತ್ತಿತ್ತು. "ಬೆಂಡೆಕಾಯಿ ಬಲಿತಿತ್ತು."

ಅವರ ಬೆನ್ನಿಗೇ ಅತ್ತದ್ದು ಯಾರೆಂದು ಗೊತ್ತಾಯಿತು. ಆಚೆ ಮನೆಯ ಹೆಂಗಸು. ಬೇಲಿಯ ಮೇಲಿನ ಹಲಸಿನ ಮರದ ವಿಷಯದಲ್ಲಿ ಆಕೆಗೂ ಬಾಯಮ್ಮನಿಗೂ ಎಷ್ಟೋ ವರ್ಷದಿಂದ ಮಾತಿರಲಿಲ್ಲ. ಈಗ ಎದೆ ಬಡಿದುಕೊಳ್ಳುತ್ತಾ ಬಂದರು. "ಬಂಗಾರದಂಥವರು. ಒಂದು ದಿನ ಒಂದು ಕೆಟ್ಟ ಮಾತು ಆಡಿದವರಲ್ಲ. ಹಲಸಿನ ಹಣ್ಣು ಅವರಿಗೇ ಬಿಟ್ಟು ಕೊಟ್ಟಿದ್ರೆ ಎಂತ ಹೋಗ್ತಿತ್ತು ನನಗೆ." ಚಪ್ಪರದ ಕಂಬ ಹಿಡಿದು ತಲೆ ಎತ್ತಿದರು. ಬಾಯಮ್ಮ ಎದುರಿಗೇ ಕುಳಿತಿದ್ದರು.

"ಕೊನೆಗೆ ಹೇಳಿದ್ದು ಸರಿ ಕೇಳ್ಲಿಲ್ಲ," ಎಂದರು ಬಾಯಮ್ಮ. "ಇನ್ನೊಮ್ಮೆ ಹೇಳು."

ಬೀಗರು ಎದ್ದು ನಿಂತರು. ಮದುಮಗಳು ತಲೆಯಿಂದ ಹಾಲು ಇಳಿಯುತ್ತಿದ್ದಂತೆ ಅಳಬೇಕೋ ನಗಬೇಕೋ ತಿಳಿಯದೆ ತಂಗಿಯ ಸೆರಗು ಹಿಡಿದಳು. ಮಾಸ್ಟ್ರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸೊನ್ನೆ ಅಂಕ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಗದ್ದೆಯವರ ಬಳಿ ಹೋದೆ.

"ಅಣ್ಣ, ಕೋವಿಯಲ್ಲಿ ಈಡು ಉಂಟಾ?"

"ಉಂಟು."

"ಚರೆ?"

"ಮಂಗಕ್ಕೆ ಚರೆ ಯಾಕೆ ಮಾರಾಯ, ಶಬ್ದ ಸಾಕು. ಬರೀ ಮದ್ದು, ನಾರು."

ಆ ಕೋವಿಯನ್ನು ಒಂದು ಮುತ್ತು ಕೊಟ್ಟು ತೆಗೆದುಕೊಳ್ಳಬೇಕೆನಿಸಿತು. ಅದಕ್ಕೆ ಒದೆ ಬೇಡ, ಉಗುಳುವುದು ಬೇಡ, ನುಂಗುವುದು ಬೇಡ. ಕುದುರೆ ಎಳೆದು ಆಕಾಶಕ್ಕೆ ಹಿಡಿದು ಹೊಡೆದೆ. ಒಳ್ಳೆಯ ಶಬ್ದವೇ ಬಂತು.

"ಎರಡಾಯ್ತು," ಎಂದೆ. "ಮೂರನೆಯದಕ್ಕೆ ಮದ್ದು ಕೊಡಿ ಅಣ್ಣ."

"ಮದ್ದಿನ ಕೊಂಬು ಗದ್ದೆ ಬದುವಿನಲ್ಲಿ ಉಂಟಲ್ಲ."

"ಓಡಿ."

ಅವರು ಓಡುವವರಲ್ಲ. ಮೊಣಕಾಲಿನಲ್ಲಿ ವಾಯು. ದಿಣ್ಣೆ ಇಳಿದು, ಬದು ದಾಟಿ, ಕೊಂಬು ಹುಡುಕಿ, ಅಲ್ಲಿ ಬಂದಿದ್ದ ಮಂಗವನ್ನು ಬೈದು, ತಿರುಗಿ ದಿಣ್ಣೆ ಹತ್ತಿ ಬರುವವರೆಗೆ ಪಡೀಲಿನ ಸುತ್ತಮುತ್ತಲಿನ ಜನರಿಗೆ ಸಿಕ್ಕಿದ ಲೆಕ್ಕ ಎರಡು. ಮದುವೆಗೆ ಮೂರು, ಸಾವಿಗೆ ಒಂದು. ಬಿಡಿ ಬಿಡಿಯಾಗಿ ಎರಡು ಎಂದರೆ ಸಾವು ಎರಡಾಗಿರಬೇಕು. ರಸ್ತೆಯಂಗಡಿಯಲ್ಲಿ ಕುಳಿತವರು ಬಹಳ ಬೇಗ ತೀರ್ಮಾನ ಮಾಡಿದರಂತೆ. ಮೊದಲು ಬಾಯಮ್ಮ, ಆ ಆಘಾತಕ್ಕೆ ಮಾಸ್ಟ್ರು. ಒಬ್ಬ ಅಂಗಡಿ ಮುಚ್ಚಿಯೇ ಬಂದ. ಮಾಸ್ಟ್ರ ಹಳೆಯ ವಿದ್ಯಾರ್ಥಿಗಳು ಸಾಲಾಗಿ ಬಂದು, ಅಂಗಳದಲ್ಲಿ ನಿಂತು ಗದರುತ್ತಿರುವ ಮಾಸ್ಟ್ರನ್ನು ಕಂಡು, ಶಾಲೆಯ ಅಭ್ಯಾಸದಂತೆ ಕೈ ಕಟ್ಟಿ ನಿಂತರು. ಫಾದರು ಸೈಕಲ್ಲಿನಲ್ಲಿ ಎಣ್ಣೆಯ ಪೆಟ್ಟಿಗೆ ಕಟ್ಟಿಕೊಂಡು ಬಂದು ಉಸಿರು ಬಿಡುತ್ತಾ ಇಳಿದರು. ಮರುದಿನದ ಮದುವೆಗೆ ಅವರೇ ಬರಬೇಕಾದವರು.

"ಮೂರನೇ ಸಲ ಬೇಡ ಫಾದರ್," ಎಂದರು ಬಾಯಮ್ಮ. "ಬಂದದ್ದಕ್ಕೆ ಕೂತುಕೊಳ್ಳಿ. ದೋಸೆ ಉಂಟು."

ಅಷ್ಟು ಹೊತ್ತಿಗೆ ಕೊಂಬು ಬಂತು. ನಾನು ಮದ್ದು ಹೊಯ್ದು, ಚಪ್ಪರದ ಗರಿ ಕಟ್ಟಿದ ತೆಂಗಿನ ಹಗ್ಗದಿಂದಲೇ ನಾರು ಕಿತ್ತು ತುರುಕಿ, ಗಜದಿಂದ ಕುಟ್ಟಿದೆ. ಇಡೀ ಊರು ಸುತ್ತ ನಿಂತು ನೋಡುತ್ತಿತ್ತು. ಕೇಪು ಇಟ್ಟು ಹೊಡೆದೆ.

"ಮೂರು," ಎಂದರು ಗದ್ದೆಯವರು. ಯಾರೋ ಚಪ್ಪಾಳೆ ತಟ್ಟಿದರು, ಬೇರೆ ಯಾರೂ ತಟ್ಟದ್ದರಿಂದ ನಿಲ್ಲಿಸಿದರು.

ರೋಸ್ ಮುಂದುವರಿಯಿತು. ಸಾವಿಗೆ ಬಂದವರೆಲ್ಲ ತೆಂಗಿನ ಹಾಲು ಹಚ್ಚಿ, ಊಟಕ್ಕೆ ಕುಳಿತರು. ಒಳಗೆ ಅಡುಗೆಯವರು ಗಾಬರಿಯಾಗಿ ಅಕ್ಕಿ ಮತ್ತೊಮ್ಮೆ ತೊಳೆಯಲು ಓಡಿದರು. ಬೀಗರು ಮೊದಲು ಮುಖ ಗಂಟಿಕ್ಕಿದ್ದವರು, ಸ್ವಲ್ಪ ಹೊತ್ತಿನಲ್ಲಿ ಯಾರು ಹೇಗೆ ಅತ್ತರು ಎಂದು ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಿದ್ದರು.

ನಾನು ಊಟಕ್ಕೆ ಕೂರಲಿಲ್ಲ. ಆಟೋಮ್ಯಾಟಿಕ್ಕನ್ನು ಬಾವಿಯ ಹಿಂದಿನ ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಸಪೂರ ಮರದ ಕೋಲು ಕೆತ್ತಿ, ಒಳಗಿನ ಕಾಗದವನ್ನು ಬಿಡಿಸಲು ಕುಳಿತೆ. ಮಾಮ ಪಕ್ಕದಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ನನ್ನ ಮದುವೆಯ ವಿಷಯ ಮುಗಿಯಿತು ಎಂದುಕೊಂಡಿದ್ದೆ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವುದು, ಕೆಲಸ ಮಾಡುವುದು, ಈ ದಿಣ್ಣೆಯ ಕಡೆ ತಿರುಗಿ ನೋಡದೆ ಇರುವುದು. ಅಷ್ಟು ಗಟ್ಟಿ ಮನಸ್ಸಿನವನು ನಾನು. ಆದರೂ ಕೋಲು ಒಮ್ಮೆ ಮುರಿಯಿತು.

ಎರಡನೇ ಮಗಳು ಬಂದಳು. ಕೈಯಲ್ಲಿ ಹಿತ್ತಾಳೆಯ ಆ ತುಂಡು.

"ಇದು ಅಂಗಳದಲ್ಲಿ ಬಿದ್ದಿತ್ತು. ನಿಮ್ಮದಾ?"

"ಮಾಮಂದು."

"ನನ್ನದಲ್ಲ, ಅವರದ್ದು," ಎಂದರು ಮಾಮ.

ಅವಳು ಕೇಳಿದಳೆಂದು ನಾನು ನಡೆದದ್ದನ್ನು ಹೇಳಿದೆ. ಒದೆ ಎಂದರೆ ಏನು, ದೋಣಿ ಹೇಗೆ, ಮದ್ದು ಯಾಕೆ ಜಾಸ್ತಿ ಹಾಕಿದೆ. ಅವಳು ಬಾವಿಯ ಕಟ್ಟೆಗೆ ಒರಗಿ ಕೊನೆಯವರೆಗೆ ಕೇಳಿದಳು.

"ಶಬ್ದ ದೊಡ್ಡದಾದ್ರೆ ಒದೆಯೂ ದೊಡ್ಡದು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ ಅಂದುಕೊಂಡದ್ದು."

"ನೀವು ನಮ್ಮ ಶಾಲೆಗೆ ಬರ್ಲಿಲ್ಲ, ಅದಕ್ಕೆ," ಎಂದಳು. "ಬಂದಿದ್ರೆ ಅಪ್ಪನ ಕ್ಲಾಸಿನಲ್ಲಿ ಕೂರ್ತಿದ್ರಿ. ಮೂವತ್ತು ವರ್ಷ ಅವರು ಗದರಿದ್ದು ಕೇಳಿ ಕಾಗೆ ಹಾರಿತು. ಒಬ್ಬ ಹುಡುಗನಿಗೂ ಬೆತ್ತ ತಾಗ್ಲಿಲ್ಲ. ಅಲ್ಲಿ ಅಂಗಳದಲ್ಲಿ ಕೈ ಕಟ್ಟಿ ನಿಂತಿದ್ರಲ್ಲ, ಅವರನ್ನು ಕೇಳಿ."

ನಾನು ಕೋಲು ಕೆಳಗಿಟ್ಟೆ.

"ನಿಮ್ಮ ಅಪ್ಪನ ಹತ್ರ ಕೇಳ್ಲಿಕ್ಕಾ? ಈಗಲಾ?"

"ಮತ್ತೆ ಯಾವಾಗ? ಜನ ಎಲ್ಲ ಇದ್ದಾರೆ. ಮದುವೆಗೋ ಸಾವಿಗೋ, ಬಂದವರು ಬಂದಿದ್ದಾರೆ."

ಎದ್ದು ಕೈಯ ಮಸಿಯನ್ನು ಒರೆಸಿಕೊಂಡೆ. ಇಸ್ತ್ರಿಯ ಶರಟಿಗೇ ಒರೆಸಿಕೊಂಡೆ ಎಂದು ಆಮೇಲೆ ಗೊತ್ತಾಯಿತು. ಮಾಸ್ಟ್ರು ಜಗಲಿಯಲ್ಲಿ ತಾಯಿಯ ಕುರ್ಚಿಯ ಪಕ್ಕ ನಿಂತಿದ್ದರು.

"ಮಾಸ್ಟ್ರೇ, ನಿಮ್ಮ ಮಗಳನ್ನು ನನಗೆ ಕೊಡ್ತೀರ ಇಲ್ಲವಾ, ಒಂದು ಹೇಳಿ."

ಮಾಸ್ಟ್ರು ಬಾಯಿ ತೆರೆದರು. ಆರನೇ ಕ್ಲಾಸಿನಿಂದ ಶುರು ಮಾಡಿದರು. ಬೀಗರ ಎದುರು ಹೋದ ಮಾನ, ಅಂಗಡಿ ಮುಚ್ಚಿ ಬಂದವನು, ಮುಗಿದ ಅಕ್ಕಿ, ನನ್ನ ಮುಖ, ಆಫ್ರಿಕಾ ಖಂಡ, ಯಾವುದನ್ನೂ ಬಿಡಲಿಲ್ಲ. ಊಟಕ್ಕೆ ಕುಳಿತವರು ತುತ್ತು ನಿಲ್ಲಿಸಿದರು. ನಾನು ಹೆದರಬೇಕಾದ ಜಾಗ ಅದು, ಮೊದಲಾಗಿದ್ದರೆ ಹೆದರುತ್ತಿದ್ದೆ. ಈಗ ಅವರ ಕೈಯನ್ನು ನೋಡುತ್ತಾ ನಿಂತೆ. ಕೈ ತಾಯಿಯ ಕುರ್ಚಿಯ ಹಿಡಿಯನ್ನು ಬಿಟ್ಟು ಒಂದು ಬೆರಳಿನಷ್ಟೂ ಮುಂದೆ ಬರಲಿಲ್ಲ.

"ಸಾಕು," ಎಂದರು ಬಾಯಮ್ಮ. "ನಿನ್ನ ಅಪ್ಪನ ಸಾವಿಗೆ ಇದರ ಅರ್ಧ ಜನ ಬರ್ಲಿಲ್ಲ. ನನಗೆ ಯಾರು ಬರ್ತಾರೆ, ಯಾರು ಎಂತ ಹೇಳ್ತಾರೆ ಅಂತ ನಾನು ಕಣ್ಣಾರೆ ನೋಡಿದೆ. ಹಲಸಿನ ಮರದವಳು ಅತ್ತದ್ದು ನೋಡಿದೆ. ಇದನ್ನು ಬೇರೆ ಯಾವ ಅಳಿಯ ತೋರಿಸ್ತಾನೆ?"

ಮಾಸ್ಟ್ರು ತಾಯಿಯ ಮುಖ ನೋಡಿದರು. ಬಾಗಿಲ ಬಳಿ ಮಗಳು ನಿಂತಿದ್ದಳು, ಅವಳ ಮುಖ ನೋಡಿದರು. ಕೊನೆಗೆ ನನ್ನ ಶರಟಿನ ಮಸಿ ನೋಡಿದರು.

"ಅಲ್ಲಿ ಕೋವಿ ಬಿಚ್ಚಿ ಹಾಕಿ ಬಂದಿದ್ದೀರಲ್ಲ," ಎಂದರು. ಧ್ವನಿ ಇಳಿದಿತ್ತು. "ಅರ್ಧ ಕೆಲಸ ಬಿಟ್ಟು ಏಳುವವರಿಗೆ ನಾನು ಎಂತ ಹೇಳುವುದು? ಮೊದಲು ಅದನ್ನು ಮುಗಿಸಿ. ಅವಳು ಎಲ್ಲಿಗೂ ಓಡಿ ಹೋಗುವುದಿಲ್ಲ."

ನಾನು ಬಾವಿಯ ಹಿಂದಕ್ಕೆ ಹೋದೆ. ಹೊಸ ಕೋಲು ಕೆತ್ತಿಕೊಂಡೆ.

"ಭಾವ ಎಂತ ಹೇಳಿದ್ರು?" ಎಂದರು ಮಾಮ.

"ಕೋವಿ ಸರಿ ಮಾಡ್ಲಿಕ್ಕೆ ಹೇಳಿದ್ರು."

"ಅಷ್ಟೇಯಾ?"

ಕೋಲನ್ನು ನಳಿಗೆಗೆ ಇಳಿಸಿ ಮೆಲ್ಲಗೆ ತಿರುಗಿಸಿದೆ. ಕಾಗದ ಬಿಟ್ಟು ಬಂತು. "ಅವಳು ಎಲ್ಲಿಗೂ ಓಡಿ ಹೋಗುವುದಿಲ್ಲವಂತೆ," ಎಂದೆ, ನಗು ತಡೆಯಲಾಗದೆ.